ಆಳಂದ, ಅಫಜಲಪುರ ಮತ್ತು ಜೇವರ್ಗಿ ಪರಿಸರದಲ್ಲಿ ಪ್ರಾಗಿತಿಹಾಸ ಕಾಲದ ಸಾಮಾನ್ಯ ಕಲ್ಲುಗಳು: ಉಪಕರಣವೆಂದು ಗುರುತಿಸುವ ಬಗೆ

ಕಲಬುರಗಿ ಪ್ರದೇಶದ ಪ್ರಾಗಿತಿಹಾಸವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಹುಣಸಗಿಯಿಂದ ಆರಂಭವಾಗಿ ಹುಣಸಗಿಯಲ್ಲಿಯೇ ಮುಗಿಯುತ್ತವೆ. ಅದಕ್ಕೆ ತಕ್ಕ ಕಾರಣವೂ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1970ರ ದಶಕದಿಂದ ಹಲವು ವರ್ಷಗಳ ಕಾಲ ನಡೆಸಿದ ಕ್ಷೇತ್ರಕಾರ್ಯದ ಫಲವಾಗಿ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಸುಮಾರು 200 ಅಶೂಲಿಯನ್ ನೆಲೆಗಳು ಬೆಳಕಿಗೆ ಬಂದವು. ಭಾರತದ ಹಳೆಶಿಲಾಯುಗದ ಅಧ್ಯಯನದಲ್ಲಿ ಈ ಎರಡು ಸಣ್ಣ ಕಣಿವೆಗಳಿಗೆ ದೊರೆತ ಸ್ಥಾನ ದೊಡ್ಡದು. ಆದರೆ 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಹುಣಸಗಿಯೂ ಸುರಪುರವೂ ಅತ್ತ ಸೇರಿದವು. ಆಡಳಿತದ ಗೆರೆಗೂ ಶಿಲಾಯುಗದ ಮಾನವನಿಗೂ ಯಾವ ಸಂಬಂಧವೂ ಇಲ್ಲವೆಂಬುದು ನಿಜ. ಆದರೂ ಈ ಗೆರೆ ಒಂದು ಪ್ರಶ್ನೆಯನ್ನು ಮುಂದಿಟ್ಟಿತು. ಹುಣಸಗಿಯನ್ನು ಬಿಟ್ಟರೆ ಉಳಿಯುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಿಲಾಯುಗದ ಬಗ್ಗೆ ನಾವು ಏನನ್ನು ಹೇಳಬಲ್ಲೆವು?

ಈ ತಾಲ್ಲೂಕುಗಳು ಹುಣಸಗಿಯಷ್ಟು ನಿಕಟವಾದ ಶೋಧನೆಗೆ ಒಳಗಾಗಿಲ್ಲ. ಆದರೆ ಕೊರತೆ ಶೋಧನೆಯದು ಮಾತ್ರವಲ್ಲ, ನೋಟದ್ದೂ ಹೌದು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಎರಡೂ ಮುಖ ಒಡೆದು ತಿದ್ದಿದ ಕೈಗೊಡಲಿಯನ್ನೋ, ನಯಗೊಳಿಸಿದ ನವಶಿಲಾಯುಗದ ಕೊಡಲಿಯನ್ನೋ ಕಂಡರೆ ಯಾರಾದರೂ ಬಾಗಿ ಎತ್ತಿಕೊಳ್ಳುತ್ತಾರೆ. ಅದನ್ನು ಮಾಡಿದ ಬಡಿಗಲ್ಲು, ಅದನ್ನು ಉಜ್ಜಿದ ಹಾಸುಗಲ್ಲು, ಅದೇ ಮನೆಯಲ್ಲಿ ಕಾಳು ಅರೆದ ಗುಂಡು, ಮೂಳೆ ಒಡೆಯಲು ಅಡಿಗಿಟ್ಟ ಕಲ್ಲು ಇವು ಅಲ್ಲಿಯೇ ಬಿದ್ದಿರುತ್ತವೆ. ಏಕೆಂದರೆ ಇವುಗಳನ್ನು ಯಾರೂ ರೂಪಿಸಿದ್ದಲ್ಲ. ಹೊಳೆಯಿಂದಲೋ ಬೆಟ್ಟದಿಂದಲೋ ತಂದು ಹಾಗೆಯೇ ಬಳಸಿದ್ದು. ಸಂಖ್ಯೆಯಲ್ಲಿ ಇಂಥವೇ ಹೆಚ್ಚು ಇದ್ದಿರಬೇಕು. ನಮ್ಮ ಸಂಗ್ರಹಾಲಯಗಳಲ್ಲಿ ಮಾತ್ರ ಇವು ಕಡಿಮೆ.

ಇಲ್ಲಿ ಇನ್ನೊಂದು ಅಪಾಯವನ್ನೂ ಮೊದಲೇ ಹೇಳಿಬಿಡಬೇಕು. ಕೈಗೆ ಸರಿಯಾಗಿ ಕೂರುವ ಕಲ್ಲೆಲ್ಲ ಉಪಕರಣವೆಂದು ಘೋಷಿಸುವ ಉತ್ಸಾಹ ಕ್ಷೇತ್ರಕಾರ್ಯದಲ್ಲಿ ಸುಲಭವಾಗಿ ಹುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬವರು ಸಂಗ್ರಹಿಸಿದ ಒರಟು ಚಕಮಕಿ ಕಲ್ಲುಗಳು ‘ಇಯೋಲಿತ್’ ಎಂಬ ಹೆಸರಿನಿಂದ ಮಾನವನ ಅತ್ಯಂತ ಹಳೆಯ ಉಪಕರಣಗಳೆಂದು ದಶಕಗಳ ಕಾಲ ಚರ್ಚೆಗೊಳಗಾದವು. ಮಣ್ಣಿನ ಒತ್ತಡದಿಂದಲೂ ಕಲ್ಲುಗಳ ಪರಸ್ಪರ ತಾಕಲಾಟದಿಂದಲೂ ಅದೇ ಬಗೆಯ ಅಂಚುಗಳು ತಾವಾಗಿಯೇ ಉಂಟಾಗುತ್ತವೆಂದು ಹ್ಯಾಝಲ್‌ಡೈನ್ ವಾರೆನ್ ಮೊದಲಾದವರು ಪ್ರಯೋಗಗಳಿಂದ ತೋರಿಸಿದ ಮೇಲೆ ಆ ವಾದ ಕುಸಿಯಿತು. ಇತ್ತೀಚೆಗೆ, 2016ರಲ್ಲಿ, ಬ್ರೆಜಿಲ್ ದೇಶದ ಕಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಬಡಿಯುವಾಗ ಮಾನವ ನಿರ್ಮಿತವೆಂದು ತೋರುವ ಚಕ್ಕೆಗಳೇ ಉದುರುತ್ತವೆಂಬ ಸಂಗತಿ ಪ್ರಕಟವಾಯಿತು. ಆದುದರಿಂದ ನೋಡದೆ ಬಿಡುವುದು ಹೇಗೆ ತಪ್ಪೋ ನೋಡಿದ್ದನ್ನೆಲ್ಲ ನಂಬುವುದೂ ಹಾಗೆಯೇ ತಪ್ಪು. ಕಲ್ಲಿನ ಆಕಾರವನ್ನು ಪಕ್ಕಕ್ಕಿಟ್ಟು, ಅದು ಎಲ್ಲಿಂದ ಬಂತು, ಅದರ ಮೈಮೇಲಿನ ಗುರುತುಗಳು ಎಲ್ಲಿವೆ, ಅದರ ಜೊತೆಯಲ್ಲಿ ಏನಿದೆ ಎಂಬ ಮೂರನ್ನು ಕೇಳಬೇಕಾಗುತ್ತದೆ. ಈ ಮೂರರಲ್ಲಿ ಮೊದಲನೆಯದಕ್ಕೆ ನಮ್ಮ ಮೂರು ತಾಲ್ಲೂಕುಗಳ ನೆಲವೇ ಅಸಾಧಾರಣವಾದ ನೆರವು ನೀಡುತ್ತದೆ.

ಆಳಂದ ಮತ್ತು ಅಫಜಲಪುರಗಳು ದಖನ್ ಟ್ರ್ಯಾಪ್ ಪ್ರದೇಶ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಪದರ ಪದರವಾಗಿ ಗಟ್ಟಿಗೊಂಡ ಲಾವಾ ಇಲ್ಲಿಯ ಕರಿಕಲ್ಲು, ಅಂದರೆ ಬಸಾಲ್ಟ್. ಅದರ ಮೇಲೆ ಎರೆಭೂಮಿ ಹರಡಿದೆ. ದಕ್ಷಿಣಕ್ಕೆ ಜೇವರ್ಗಿ ತಾಲ್ಲೂಕಿಗೆ ಬಂದಂತೆ ಈ ಲಾವಾ ಹೊದಿಕೆ ತೆಳುವಾಗಿ, ಅದರ ಅಡಿಯಿಂದ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಹೊರಕಾಣುತ್ತದೆ. ಶಹಾಬಾದ್ ಪರಸಿ ಎಂದು ಮನೆ ಮನೆಗೂ ಪರಿಚಿತವಾದ ಕಲ್ಲು ಇದೇ ಕುಲದ್ದು. ಇನ್ನೂ ದಕ್ಷಿಣಕ್ಕೆ, ಸುರಪುರ ಶಹಾಪುರಗಳ ಕಡೆಗೆ, ಗ್ರಾನೈಟ್ ಗುಡ್ಡಗಳು ಆರಂಭವಾಗುತ್ತವೆ. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಮೂರು ಬಗೆಯ ಶಿಲೆಗಳು ಒಂದರ ಪಕ್ಕ ಒಂದಿವೆ.

ಭೀಮಾನದಿ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಅಫಜಲಪುರದ ಗಡಿಯನ್ನು ಮುಟ್ಟುವವರೆಗೆ ಹರಿಯುವುದು ಲಾವಾ ನೆಲದ ಮೇಲೆಯೇ. ಆಳಂದ ಕಡೆಯಿಂದ ಬಂದು ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುವ ಅಮರ್ಜಾ ಹೊಳೆಯೂ ಅದೇ ನೆಲದ್ದು. ಆದ್ದರಿಂದ ಈ ನದಿಗಳು ಹೊತ್ತು ತರಬಲ್ಲ ಕಲ್ಲು ಬಸಾಲ್ಟ್ ಮತ್ತು ಬಸಾಲ್ಟಿನ ಪೊಳ್ಳುಗಳಲ್ಲಿ ಬೆಳೆದ ಅಗೇಟ್, ಕ್ಯಾಲ್ಸಿಡನಿ, ಬೆಣಚು ಮುಂತಾದವು ಮಾತ್ರ. ಗ್ರಾನೈಟ್ ಆಗಲಿ ಮರಳುಗಲ್ಲಾಗಲಿ ಕ್ವಾರ್ಟ್ಜೈಟ್ ಆಗಲಿ ನೀರಿನ ಮೂಲಕ ಆಳಂದಕ್ಕೆ ಬರುವ ದಾರಿಯಿಲ್ಲ. ಅಂಥ ಒಂದು ಗುಂಡುಕಲ್ಲು ಆಳಂದದ ಹೊಲವೊಂದರಲ್ಲಿ ದೊರೆತರೆ, ಅದರ ಮೈಮೇಲೆ ಒಂದೂ ಗುರುತಿಲ್ಲದಿದ್ದರೂ, ಯಾರೋ ಅದನ್ನು ದಕ್ಷಿಣದಿಂದ ಹೊತ್ತು ತಂದಿದ್ದಾರೆ ಎಂಬುದಷ್ಟು ಸ್ಥಿರ. ಯಾವಾಗ ತಂದರು ಎಂಬುದು ಬೇರೆ ಪ್ರಶ್ನೆ. ಹಳ್ಳಿಗಳಿಗೆ ಬೀಸುಕಲ್ಲು ಒರಳುಗಳನ್ನು ಮಾರಿಕೊಂಡು ಬಂದ ಕಲ್ಲುಕುಟಿಗರು, ರೈಲುಹಾದಿಗೆ ಸುರಿದ ಜಲ್ಲಿ, ರಸ್ತೆಯ ಗುತ್ತಿಗೆದಾರರ ಲಾರಿ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಸ್ತೆಯಿಂದ ದೂರದ ಹೊಲದಲ್ಲಿ, ಮಡಕೆ ಚೂರು ಮತ್ತು ಕಲ್ಲಿನ ಚಕ್ಕೆಗಳ ನಡುವೆ ಸಿಕ್ಕ ಗ್ರಾನೈಟ್ ಗುಂಡಿಗೆ ಇರುವ ಸಾಕ್ಷ್ಯಬಲ ರಸ್ತೆಯ ಅಂಚಿನ ಗುಂಡಿಗಿಲ್ಲ.

ಜೇವರ್ಗಿಯಲ್ಲಿ ಪರಿಸ್ಥಿತಿ ತಿರುವುಮುರುವು. ಸುಣ್ಣಕಲ್ಲಿನ ನೆಲದಲ್ಲಿ ಕರಿಕಲ್ಲಿನ ಗುಂಡು ಪರದೇಶಿಯೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಭೀಮೆ ಸಾವಿರಾರು ವರ್ಷಗಳಿಂದ ಅದನ್ನು ಮೇಲಿನಿಂದ ತಂದು ಸುರಿಯುತ್ತಲೇ ಇದೆ. ಲಾವಾ ಹೊದಿಕೆಯೂ ತಾಲ್ಲೂಕಿನೊಳಗೇ ಇದೆ. ಇಲ್ಲಿ ಶಿಲೆಯ ಜಾತಿಗಿಂತ ಎತ್ತರ ಮುಖ್ಯವಾಗುತ್ತದೆ. ನದಿಯ ಹಳೆಯ ಗರಸಿನ ಪದರಗಳು ಯಾವ ಮಟ್ಟದವರೆಗೆ ಇವೆ ಎಂಬುದನ್ನು ಮೊದಲು ಗುರುತು ಹಾಕಿಕೊಂಡು, ಅದಕ್ಕಿಂತ ಮೇಲೆ, ಸುಣ್ಣಕಲ್ಲಿನ ಹಾಸಿನ ಮೇಲೆ ದೊರೆತ ನುಣುಪು ಹೊಳೆಗಲ್ಲನ್ನು ಮಾತ್ರ ಮಾನವನು ತಂದದ್ದೆಂದು ಪರಿಗಣಿಸುವುದು ಕ್ಷೇಮ.

ಈ ಬಗೆಯ ತರ್ಕ ಬರಿಯ ಊಹೆಯಲ್ಲವೆಂಬುದಕ್ಕೆ ಇಸಾಂಪುರದ ಉತ್ಖನನವೇ ನಿದರ್ಶನ. ಹುಣಸಗಿ ಸಮೀಪದ ಈ ನೆಲೆಯನ್ನು 1983ರಲ್ಲಿ ಗುರುತಿಸಲಾಯಿತು. 1997ರಿಂದ ಪದ್ದಯ್ಯ ಮತ್ತು ಅವರ ಸಂಗಡಿಗರು ಅಲ್ಲಿ ಅಗೆದಾಗ ಹೊರಬಂದದ್ದು ಒಂದು ಕಲ್ಲುಗಣಿ. ನೆಲದಲ್ಲಿ ಹಾಸುಹಾಸಾಗಿ ಎದ್ದಿದ್ದ ಸಿಲಿಕಾಯುಕ್ತ ಸುಣ್ಣಕಲ್ಲಿನ ಚಪ್ಪಡಿಗಳನ್ನು ಬಿಡಿಸಿ, ಅಲ್ಲಿಯೇ ಕುಳಿತು ಒಡೆದು, ಕೈಗೊಡಲಿ ಮತ್ತು ಸೀಳುಗಲ್ಲುಗಳನ್ನು ತಯಾರಿಸಲಾಗಿತ್ತು. ಅಲ್ಲಿ ದೊರೆತ ಪ್ರಾಣಿದಂತಗಳ ಹೊರಹೊದಿಕೆಯನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಿಂದ ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷಗಳಿಗೂ ಹಿಂದಿನ ಕಾಲವನ್ನು ಸೂಚಿಸಲಾಗಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶವೆಂದರೆ ಅಲ್ಲಿಯ ಬಡಿಗಲ್ಲುಗಳು. ಒಡೆಯಲ್ಪಟ್ಟದ್ದು ಸುಣ್ಣಕಲ್ಲು, ಒಡೆಯಲು ಬಳಸಿದ್ದು ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್ ಮುಂತಾದ ಗಟ್ಟಿ ಗುಂಡುಗಳು. ಅವು ಆ ಹಾಸಿನಲ್ಲಿ ಹುಟ್ಟಿದವಲ್ಲ, ಆಯ್ದು ತಂದವು. ಕೈಗೊಡಲಿಯೇ ದೊರೆಯದಿದ್ದರೂ ಸುಣ್ಣಕಲ್ಲಿನ ಹಾಸಿನ ಮೇಲೆ ಮುಖ ಜಜ್ಜಿದ ಕರಿಗುಂಡುಗಳ ಗುಂಪು ಅಲ್ಲೊಂದು ಕೆಲಸ ನಡೆದಿತ್ತೆಂದು ಹೇಳಬಲ್ಲುದು. ಅದೇ ಸುಣ್ಣಕಲ್ಲು ಜೇವರ್ಗಿಯಲ್ಲಿಯೂ ಇದೆ. ಅಲ್ಲಿ ಹುಡುಕಬೇಕಾದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಲಾವಾ ನೆಲದಲ್ಲಿ ಹಳೆಶಿಲಾಯುಗದ ಮಾನವನಿಗೆ ತಕ್ಕ ಕಲ್ಲು ಇರಲಿಲ್ಲ, ಆದ್ದರಿಂದ ಅವನು ಅಲ್ಲಿ ನೆಲಸಲಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಒಪ್ಪುವಂತಿಲ್ಲ. ಇದೇ ದಖನ್ ಟ್ರ್ಯಾಪ್ ಮೇಲೆ, ಮಹಾರಾಷ್ಟ್ರದ ಪ್ರವರಾ ನದಿಯ ದಂಡೆಯ ನೇವಾಸ ಬಳಿಯ ಚಿರ್ಕಿಯಲ್ಲಿ, 1960ರ ದಶಕದ ಕೊನೆಯಲ್ಲಿ ಗುಡ್ರುನ್ ಕೊರ್ವಿನಸ್ ಅವರು ನಡೆಸಿದ ಉತ್ಖನನದಲ್ಲಿ ಬಸಾಲ್ಟ್ ಕುಲದ ಕಲ್ಲುಗಳಿಂದಲೇ ಮಾಡಿದ ಅಶೂಲಿಯನ್ ಉಪಕರಣಗಳು ಹೇರಳವಾಗಿ ದೊರೆತಿವೆ. ಕಲ್ಲು ಇತ್ತು, ಬಳಕೆಯೂ ಇತ್ತು. ಕಷ್ಟವಿರುವುದು ಗುರುತಿಸುವವರಿಗೆ. ಬಸಾಲ್ಟ್ ಬಹುಬೇಗ ಹವೆಗೆ ಸಿಕ್ಕು ಶಿಥಿಲವಾಗುತ್ತದೆ. ಒಡೆದ ಅಂಚು ಮೊಂಡಾಗಿ, ಚಕ್ಕೆ ಎದ್ದ ಜಾಗದ ಗೆರೆಗಳು ಮಾಸಿ, ಕಂದು ಪೊರೆಯೊಂದು ಮೈಯನ್ನೆಲ್ಲ ಮುಚ್ಚಿಬಿಡುತ್ತದೆ.

ಟ್ರ್ಯಾಪ್ ನೆಲದಲ್ಲಿ ದುಂಡಗಿನ ಕಲ್ಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಬಸಾಲ್ಟ್ ಬಂಡೆ ಸೀಳುಗಳ ಉದ್ದಕ್ಕೂ ಶಿಥಿಲವಾಗುತ್ತ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚಿ, ನಡುವೆ ಗಟ್ಟಿಯಾದ ಗುಂಡನ್ನು ಉಳಿಸುತ್ತದೆ. ಯಾವುದಾದರೂ ರಸ್ತೆಯ ಕಡಿತದಲ್ಲಿಯೋ ಬಾವಿಯ ಗೋಡೆಯಲ್ಲಿಯೋ ಇದನ್ನು ಕಾಣಬಹುದು. ಕವಣೆಗಲ್ಲು, ಬೇಟೆಯ ಗುಂಡು ಎಂದು ಯಾದಿಯಲ್ಲಿ ಬರೆಯಬಹುದಾದ ಗುಂಡುಗಳು ಈ ನಿಸರ್ಗ ಕ್ರಿಯೆಯ ಫಲವಾಗಿರುವ ಸಾಧ್ಯತೆ ದೊಡ್ಡದು. ನಿಸರ್ಗದ ಗುಂಡಿಗೆ ಮೆತ್ತನೆಯ ಕಂದು ಸಿಪ್ಪೆಯಿರುತ್ತದೆ, ಉಗುರಿನಿಂದ ಕೆರೆದರೂ ಏಳುತ್ತದೆ. ಮಾನವನು ಬಡಿದು ದುಂಡಗೆ ಮಾಡಿದ ಗುಂಡಿನಲ್ಲಿ ಸಣ್ಣ ಸಣ್ಣ ಮುಖಗಳೂ ಆ ಮುಖಗಳು ಸೇರುವಲ್ಲಿ ಜಜ್ಜಿದ ಗೆರೆಗಳೂ ಉಳಿದಿರುತ್ತವೆ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸಿ ಎಸೆದ ಕಲ್ಲುಗಳು, ಊರ ಮುಂದೆ ಪೈಲವಾನರು ಎತ್ತುವ ಸಂಗ್ರಾಣಿ ಕಲ್ಲುಗಳು ಇವೆಲ್ಲವೂ ಗುಂಡೇ. ಗುಂಡಗಿರುವಿಕೆಯೊಂದೇ ಯಾವ ಕಾಲವನ್ನೂ ಹೇಳುವುದಿಲ್ಲ.

ಇನ್ನು ಕಲ್ಲಿನ ಮೈಮೇಲಿನ ಗುರುತುಗಳ ವಿಚಾರ. ಉಪಕರಣಗಳ ಮೇಲಿನ ಬಳಕೆಯ ಸವೆತವನ್ನು ಸೂಕ್ಷ್ಮದರ್ಶಕದಿಂದ ಶಾಸ್ತ್ರೀಯವಾಗಿ ಓದುವ ಕ್ರಮವನ್ನು ವ್ಯವಸ್ಥಿತಗೊಳಿಸಿದವರು ರಷ್ಯದ ಸೆರ್ಗೇಯ್ ಸೆಮ್ಯೊನೊವ್. ಅವರ ಗ್ರಂಥ 1957ರಲ್ಲಿ ರಷ್ಯನ್ ಭಾಷೆಯಲ್ಲಿಯೂ 1964ರಲ್ಲಿ ಇಂಗ್ಲಿಷಿನಲ್ಲಿಯೂ ಬಂತು. ಅಂಥ ಸೂಕ್ಷ್ಮದರ್ಶಕ ನಮ್ಮ ಎಲ್ಲ ಸಂಶೋಧಕರಿಗೂ ದೊರೆಯದು. ಆದರೆ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವೂ ಓರೆಯಾಗಿ ಬೀಳುವ ಬೆಳಗಿನ ಬಿಸಿಲೂ ಸಾಕಷ್ಟು ಹೇಳುತ್ತವೆ. ಬಡಿಗಲ್ಲಿನ ಲಕ್ಷಣವೆಂದರೆ ಜಜ್ಜಿದ ಗುರುತುಗಳು ಒಂದೆಡೆ, ಸಾಮಾನ್ಯವಾಗಿ ತುದಿಯಲ್ಲಿ, ಒಂದರ ಮೇಲೊಂದು ದಟ್ಟವಾಗಿ ಕೂಡಿರುವುದು. ಹಿಡಿಯುವ ಭಾಗ ಹಾಗೆಯೇ ನುಣುಪಾಗಿ ಉಳಿದಿರುತ್ತದೆ. ಹೊಳೆಯಲ್ಲಿ ಉರುಳಿ ಬಂದ ಕಲ್ಲಿನ ಮೇಲೆಯೂ ಪೆಟ್ಟಿನ ಗುರುತುಗಳುಂಟು; ಅವು ಎಲ್ಲ ಉಬ್ಬುಗಳ ಮೇಲೂ ಸಮನಾಗಿ ಚೆದುರಿರುತ್ತವೆ, ನೀರು ಅವುಗಳ ಅಂಚನ್ನು ಮತ್ತೆ ನಯಗೊಳಿಸಿರುತ್ತದೆ. ನೇಗಿಲ ಕುಳ ತಾಕಿದ ಕಲ್ಲಿನ ಮೇಲೆ ನೇರವಾದ ಗೀರು, ಅನೇಕ ವೇಳೆ ತುಕ್ಕಿನ ಬಣ್ಣದ ಗೆರೆ ಕಾಣುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಇಂಥವು ಹೆಚ್ಚಿವೆ.

ಅಡಿಗಲ್ಲು, ಅಂದರೆ ಕೆಳಗಿಟ್ಟು ಅದರ ಮೇಲೆ ಕಾಯಿಯನ್ನೋ ಮೂಳೆಯನ್ನೋ ಇಟ್ಟು ಒಡೆದ ಕಲ್ಲು, ಇನ್ನೂ ಮೋಸಗೊಳಿಸುವಂಥದು. ಇದರ ಗುರುತು ಚಪ್ಪಟೆ ಮುಖದ ನಡುವೆ ಇರುವ ಒರಟು ಕುಳಿ. ಇಸ್ರೇಲಿನ ಗೆಶೆರ್ ಬೆನೋತ್ ಯಾಕೋವ್ ನೆಲೆಯಲ್ಲಿ ಸುಮಾರು 7,80,000 ವರ್ಷಗಳ ಹಿಂದಿನ ಇಂಥ ಕುಳಿಗಲ್ಲುಗಳು ಗಟ್ಟಿ ಕಾಯಿಗಳ ಅವಶೇಷಗಳೊಂದಿಗೆ ದೊರೆತದ್ದು 2002ರಲ್ಲಿ ಪ್ರಕಟವಾಗಿದೆ. ಅಲ್ಲಿಯವೂ ಹೆಚ್ಚಾಗಿ ಬಸಾಲ್ಟ್ ಕಲ್ಲುಗಳೇ. ನಮ್ಮ ಬಸಾಲ್ಟಿನಲ್ಲಿಯಾದರೋ ಅನಿಲದ ಗುಳ್ಳೆಗಳಿಂದಾದ ಪೊಳ್ಳುಗಳಿವೆ. ಅವುಗಳೊಳಗಿನ ಜಿಯೋಲೈಟ್ ಮುಂತಾದ ಬಿಳಿ ಖನಿಜ ಉದುರಿದರೆ ಸೊಗಸಾದ ಕುಳಿಯೊಂದು ಉಳಿಯುತ್ತದೆ. ವ್ಯತ್ಯಾಸ ತಿಳಿಯಲು ಅದೇ ಕಲ್ಲಿನ ಬೇರೆ ಮುಖಗಳನ್ನು ನೋಡಬೇಕು. ಪೊಳ್ಳುಗಳು ಎಲ್ಲ ಕಡೆಗೂ ಇರುತ್ತವೆ, ಒಳಗೋಡೆ ನುಣುಪಾಗಿರುತ್ತದೆ. ಬಡಿತದ ಕುಳಿ ನಡುವಿನಲ್ಲಿ ಮಾತ್ರ ಇರುತ್ತದೆ, ತಳದ ಹರಳುಗಳು ಪುಡಿಯಾಗಿರುತ್ತವೆ, ಅಂಚು ಖಚಿತವಾಗಿರುವುದಿಲ್ಲ.

ಅರೆಯುವ ಕಲ್ಲುಗಳಲ್ಲಿ ಉಜ್ಜಿದ ಮುಖದ ಖನಿಜಕಣಗಳೆಲ್ಲ ಒಂದೇ ಮಟ್ಟಕ್ಕೆ ತಗ್ಗಿರುತ್ತವೆ, ಕೈ ಆಡಿದ ದಿಕ್ಕಿನಲ್ಲಿ ಸಣ್ಣ ಗೀರುಗಳಿರುತ್ತವೆ. ಲೇಖಕನ ಮನೆಯ ಖಾರ ಅರೆಯುವ ಕಲ್ಲು ಮೂರು ತಲೆಮಾರು ಬಳಕೆಯಲ್ಲಿತ್ತು. ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಕಂಡ ಸಂಗತಿಯೊಂದನ್ನು ಇಲ್ಲಿ ಹೇಳಬಹುದು. ಹಾಸುಗಲ್ಲಿನ ತಗ್ಗು ನಡುವೆ ಇರದೆ, ಅರೆಯುವವರು ಕೂರುತ್ತಿದ್ದ ಕಡೆಯಿಂದ ತುಸು ಆಚೆಗೆ, ತೋಳು ಪೂರ್ತಿ ಚಾಚುವ ಮುನ್ನ ಭಾರ ಬೀಳುವ ಜಾಗದಲ್ಲಿತ್ತು. ಮೇಲಿನ ಗುಂಡಿನ ಎರಡು ತುದಿಗಳು, ಅಂದರೆ ಅಂಗೈಗಳು ಹಿಡಿಯುವ ಭಾಗ, ಕಲ್ಲಿಗೆ ತಾಕದಿದ್ದರೂ ಹೊಳಪು ಪಡೆದಿದ್ದವು. ಚರ್ಮದ ಹೊಳಪೂ ಕಲ್ಲಿನ ಸವೆತವೂ ಬೇರೆ ಬೇರೆ ಎಂಬುದನ್ನು ಪುಸ್ತಕಕ್ಕಿಂತ ಮೊದಲು ಆ ಗುಂಡು ಕಲಿಸಿತು. ಬಳಕೆಯ ಇತಿಹಾಸ ತಿಳಿದಿರುವ ಇಂಥ ಕಲ್ಲುಗಳು ಪ್ರತಿ ಹಳ್ಳಿಯಲ್ಲಿಯೂ ಇವೆ. ಮಿಕ್ಸರ್ ಬಂದ ಮೇಲೆ ಹಿತ್ತಲು ಸೇರಿವೆ. ಅವುಗಳನ್ನು ಅಳೆದು, ಬಳಸಿದವರನ್ನು ಕೇಳಿ ದಾಖಲಿಸಿದರೆ ಹೋಲಿಕೆಗೆ ಒಂದು ಮಾಪನ ಸಿಗುತ್ತದೆ. ಈ ಕೆಲಸಕ್ಕೆ ಬಹಳ ಸಮಯ ಉಳಿದಿಲ್ಲ, ಏಕೆಂದರೆ ಕೇಳಬೇಕಾದ ಅಜ್ಜಿಯರಿಗೆ ವಯಸ್ಸಾಗಿದೆ.

ಸುತ್ತುವ ಬೀಸುಕಲ್ಲು ದಕ್ಷಿಣ ಭಾರತಕ್ಕೆ ಇತಿಹಾಸದ ಆರಂಭಕಾಲದ ಹೊತ್ತಿಗೆ ಬಂದದ್ದು. ಅದಕ್ಕಿಂತ ಮೊದಲು, ನವಶಿಲಾಯುಗದುದ್ದಕ್ಕೂ, ಕಾಳನ್ನು ಹಿಂದೆ ಮುಂದೆ ಉಜ್ಜಿ ಅರೆಯುತ್ತಿದ್ದರು. ಸಂಗನಕಲ್ಲು, ತೆಕ್ಕಲಕೋಟೆ ಮೊದಲಾದ ನೆಲೆಗಳ ಸುಟ್ಟ ಕಾಳುಗಳ ಅಧ್ಯಯನದಿಂದ ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು ಆ ಜನರ ಆಹಾರವಾಗಿದ್ದವೆಂದು ತಿಳಿದುಬಂದಿದೆ. ಕಲ್ಲಿನ ಮುಖದ ರಂಧ್ರಗಳಲ್ಲಿ ಆ ಕಾಳುಗಳ ಪಿಷ್ಟಕಣಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಗುರುತಿಸುವ ವಿಧಾನ ಇಂದು ಇದೆ. ಆದರೆ ನಾವು ಸಂಗ್ರಹಿಸಿದ ಕಲ್ಲನ್ನು ಮೊದಲು ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ತಿಕ್ಕುತ್ತೇವೆ! ಕೆಲವರು ಆಮ್ಲವನ್ನೂ ಬಳಸುತ್ತಾರೆ. ಬಳಿಕ ಅತ್ಯಂತ ನಯವಾದ ಮುಖವನ್ನೇ ಆರಿಸಿ, ಅಂದರೆ ಸವೆದ ಮುಖವನ್ನೇ ಆರಿಸಿ, ಬಿಳಿ ಬಣ್ಣ ಬಳಿದು ಸಂಖ್ಯೆ ಬರೆಯುತ್ತೇವೆ. ಇದನ್ನು ಬಿಡಬೇಕು. ಮಣ್ಣು ಮೆತ್ತಿದ ಸ್ಥಿತಿಯಲ್ಲಿಯೇ ಕಾಗದದಲ್ಲಿ ಸುತ್ತಿಡುವುದೂ ಒರಟು ಮುಖದ ಮೇಲೆ ಸಂಖ್ಯೆ ಬರೆಯುವುದೂ ಖರ್ಚಿಲ್ಲದ ಸುಧಾರಣೆಗಳು.

ಸುಣ್ಣಕಲ್ಲಿನ ಬಗ್ಗೆ ಒಂದು ಮಾತು. ಪರಸಿಯು ಪದರಗುಂಟ ಬಿಟ್ಟುಕೊಂಡಾಗ ಹುಟ್ಟಿನಿಂದಲೇ ನುಣುಪಾದ ಮುಖ ಸಿಗುತ್ತದೆ, ಅದನ್ನು ಉಜ್ಜಿದ ಮುಖವೆಂದು ಭ್ರಮಿಸಬಾರದು. ನಿಜವಾಗಿ ಉಜ್ಜಿದ ಸುಣ್ಣಕಲ್ಲಿನ ಗುರುತುಗಳಾದರೋ ಮಳೆನೀರಿಗೆ ಕರಗಿಹೋಗುತ್ತವೆ. ಆದ್ದರಿಂದ ಜೇವರ್ಗಿಯ ಬಯಲಿನಲ್ಲಿ ಗುರುತಿಲ್ಲದ ಕಲ್ಲು ಬಳಕೆಯಾಗಿಲ್ಲವೆಂದು ತೀರ್ಮಾನಿಸುವುದೂ ಸಾಧ್ಯವಿಲ್ಲ.

ಜೇವರ್ಗಿಯ ಹೆಸರು ಪುರಾತತ್ತ್ವದ ಬರಹಗಳಿಗೆ ಹೊಸದೇನಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಅವರು ಭೀಮಾ ತೀರದ ಫಿರೋಜಾಬಾದ್ ಸಮೀಪದ ಜೇವರ್ಗಿಯ ಪ್ರಾಚೀನ ಅವಶೇಷಗಳನ್ನು ಕುರಿತು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳ ಅಧ್ಯಯನದ ಆದಿಯಲ್ಲಿ ನಿಲ್ಲುವ ಬರಹಗಳಲ್ಲಿ ಇದೂ ಒಂದು. ಸ್ವಾಭಾವಿಕವಾಗಿಯೇ ಆ ಕಾಲದ ಗಮನವಿದ್ದದ್ದು ಸಮಾಧಿಯ ರಚನೆ ಮತ್ತು ಅದರೊಳಗಿನ ವಸ್ತುಗಳ ಕಡೆಗೆ. ಮುಂದೆ ರಾಬರ್ಟ್ ಬ್ರೂಸ್ ಫೂಟ್ ಅವರು ತಮ್ಮ ಸಂಗ್ರಹದ ಯಾದಿಯಲ್ಲಿ ಕೊಡಲಿಗಳ ಜೊತೆಗೆ ಕುಟ್ಟುವ ಕಲ್ಲು, ಕಾಳು ಅರೆಯುವ ಕಲ್ಲುಗಳಿಗೂ ಜಾಗ ಕೊಟ್ಟರು. ಆ ಔದಾರ್ಯವನ್ನು ನಂತರದ ಸ್ಥಳೀಯ ಸಮೀಕ್ಷೆಗಳು ಅಷ್ಟಾಗಿ ಮುಂದುವರಿಸಲಿಲ್ಲವೆಂದು ತೋರುತ್ತದೆ.

ಎರೆಭೂಮಿಯ ಸ್ವಭಾವವನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಕಲ್ಲುಗಳನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸುತ್ತದೆ, ಹೀಗಾಗಿ ಪದರಗಳ ಸಾಕ್ಷ್ಯ ಕಲಸಿಹೋಗುತ್ತದೆ. ಮತ್ತೊಂದು ಕಡೆಯಿಂದ ನೋಡಿದರೆ, ಒಂದು ಆಳು ಆಳದ ಶುದ್ಧ ಎರೆಮಣ್ಣಿನ ಹೊಲದಲ್ಲಿ ಮುಷ್ಟಿಗಾತ್ರದ ಕಲ್ಲು ತಾನಾಗಿ ಇರಲು ಕಾರಣ ಕಡಿಮೆ. ರೈತರು ಇದನ್ನು ಬಲ್ಲರು. ಹರಗುವಾಗ ಕುಂಟೆಗೆ ಸಿಕ್ಕ ಕಲ್ಲುಗಳನ್ನೆಲ್ಲ ಆಯ್ದು ಬದುವಿಗೆ ಹಾಕುತ್ತ ಬಂದಿದ್ದಾರೆ. ಆದ್ದರಿಂದ ಈ ತಾಲ್ಲೂಕುಗಳಲ್ಲಿ ಸಮೀಕ್ಷೆ ಮಾಡುವವರು ಹೊಲದ ನಡುವೆ ನಡೆಯುವ ಮೊದಲು ಬದುಗಳ ಮೇಲೆ ನಡೆಯುವುದು ಲೇಸು. ಬದುವಿನ ಕಲ್ಲಿಗೆ ಖಚಿತ ನೆಲೆಯಿಲ್ಲ, ಆದರೆ ಅದು ಯಾವ ಹೊಲದ್ದೆಂದು ತಿಳಿದಿರುತ್ತದೆ. ಕಷ್ಟವೆಂದರೆ ಬದುಗಳೂ ಉಳಿಯುತ್ತಿಲ್ಲ. ಯಂತ್ರಗಳಿಂದ ಹೊಲ ಸಮತಟ್ಟು ಮಾಡುವಾಗ ಈ ರಾಶಿಗಳು ಕಟ್ಟಡದ ತಳಪಾಯಕ್ಕೂ ರಸ್ತೆಗೂ ಹೋಗುತ್ತಿವೆ.

ಊರ ಹೊರಗಿನ ಬೇವಿನ ಕಟ್ಟೆ, ಹನುಮಂತನ ಗುಡಿಯ ಹಿಂಭಾಗ, ಹೊಲದೊಳಗಿನ ದೇವರ ಗುಂಡುಗಳು ಇವನ್ನೂ ನೋಡಬೇಕು. ನಯವಾದ ಕಲ್ಲಿಗೆ ಕುಂಕುಮ ಹಚ್ಚುವ ರೂಢಿ ದೇಶದ ಅನೇಕ ಕಡೆ ನವಶಿಲಾಯುಗದ ಕೊಡಲಿಗಳನ್ನು ಉಳಿಸಿಕೊಟ್ಟಿದೆ. ಅವುಗಳನ್ನು ಅಲ್ಲಿಂದ ಎತ್ತಿ ತರುವ ಹಕ್ಕು ಸಂಶೋಧಕನಿಗಿಲ್ಲ. ಊರವರ ಒಪ್ಪಿಗೆ ಪಡೆದು ಛಾಯಾಚಿತ್ರ, ಅಳತೆ, ಶಿಲೆಯ ಬಗೆ ಇಷ್ಟನ್ನು ಬರೆದುಕೊಂಡರೆ ಸಾಕು.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಅಮರ್ಜಾ ಕಣಿವೆಯಿಂದ ಎಂದು ಹೇಳಬಯಸುತ್ತೇನೆ. ಆಳಂದ ತಾಲ್ಲೂಕಿನಲ್ಲಿರುವ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಅಂಚಿನ ಮಣ್ಣು ತೊಳೆದು ಗರಸು ಹೊರಬೀಳುವುದರಿಂದ ನೋಟಕ್ಕೆ ಅನುಕೂಲ. ಅಲ್ಲಿಂದ ಗಾಣಗಾಪುರದ ಸಂಗಮದವರೆಗೆ ಎರಡೂ ದಂಡೆಗಳಲ್ಲಿ ನಡೆದು, ಮೊದಲು ನದಿಯ ಗರಸಿನಲ್ಲಿ ಯಾವ ಯಾವ ಶಿಲೆಗಳು ಎಷ್ಟೆಷ್ಟು ಇವೆ ಎಂಬ ಎಣಿಕೆ ಮಾಡಬೇಕು. ಒಂದು ಚದರ ಮೀಟರಿನ ಚೌಕ ಹಾಕಿ, ಅದರೊಳಗಿನ ಎಲ್ಲ ಕಲ್ಲುಗಳನ್ನೂ, ಚಂದದವು ಚಂದವಲ್ಲದವು ಎಂದು ಬೇರ್ಪಡಿಸದೆ, ಬರೆದುಕೊಳ್ಳಬೇಕು. ಈ ಎಣಿಕೆ ಕೈಯಲ್ಲಿದ್ದರೆ ಹೊಲದಲ್ಲಿ ಸಿಕ್ಕ ಗುಂಡು ಸ್ಥಳದ್ದೋ ಹೊರಗಿನದೋ ಎಂಬುದನ್ನು ಅಲ್ಲಿಯೇ ನಿಂತು ಹೇಳಬಹುದು. ಅದೇ ಎಣಿಕೆಯನ್ನು ಭೀಮೆಯ ದಂಡೆಗುಂಟ ಜೇವರ್ಗಿಯವರೆಗೆ ಮುಂದುವರಿಸಿದಾಗ ಗರಸಿನಲ್ಲಿ ಮೊದಲ ಸುಣ್ಣಕಲ್ಲಿನ ಚೂರು ಯಾವ ಊರಿನ ಬಳಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಬೇಕು.